ಒಂದು ಕಣ್ಣು ಮುಂದೆ ಬಂದಿದೆಯಾ? ಕತ್ತರಿ ಹಾಕಿಸುವ ಮುಂಚೆ ಇಷ್ಟು ಮಾಡಿ

ಕಣ್ಣಿನ ಗೂಡಿನೊಳಗೆ ಗಡ್ಡೆ ಬೆಳೆದವರು ನೋವು ಅಂತ ಬರುವುದು ಕಡಿಮೆ. ‘ಫೋಟೊದಲ್ಲಿ ಒಂದು ಕಣ್ಣು ದೊಡ್ಡದಾಗಿ ಕಾಣ್ತಿದೆ’ ಅಂತ ಬರುತ್ತಾರೆ. ಅಷ್ಟರಲ್ಲಿ ಮೆಡಿಕಲ್ ಶಾಪಿನ ಡ್ರಾಪ್ಸ್ ಒಂದೆರಡು ಬಾಟಲಿ ಖಾಲಿಯಾಗಿರುತ್ತದೆ. ದುಡ್ಡು ದಂಡ. ಗೂಡಿನ ಸುತ್ತ ಮೂಳೆ, ತೆರೆದಿರುವುದು ಮುಂದೆ ಮಾತ್ರ. ಒಳಗೆ ಏನು ಬೆಳೆದರೂ ಕಣ್ಣುಗುಡ್ಡೆಯನ್ನು ಹೊರಕ್ಕೆ ತಳ್ಳುತ್ತದೆ, ಡ್ರಾಪ್ಸ್ ಅಲ್ಲಿಯವರೆಗೆ ಹೋಗುವುದಿಲ್ಲ.

1. ಮೇಲಿಂದ ನೋಡಿ. ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಹಣೆಯ ಮೇಲಿಂದ ಕೆಳಗೆ ನೋಡಿ. ಎದುರಿನಿಂದ ನೋಡಿದರೆ ಮೋಸ ಹೋಗುತ್ತೀರಿ. ಇನ್ನೊಂದು ಕಣ್ಣಿನ ರೆಪ್ಪೆ ಜೋತುಬಿದ್ದಿದ್ದರೂ ಈ ಕಣ್ಣು ದೊಡ್ಡದಾಗಿ ಕಾಣುತ್ತದೆ. ಹಳೆಯ ಫೋಟೊಗಳನ್ನೂ ತೆಗೆದಿಡಿ, ಯಾವಾಗ ಶುರುವಾಯಿತು ಅಂತ ಅವೇ ಹೇಳುತ್ತವೆ. ಆಸ್ಪತ್ರೆಯಲ್ಲಿ ಅಳತೆ ಮಾಡಿದಾಗ ಎರಡು ಕಣ್ಣಿಗೂ 2 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸವಿದ್ದರೆ ತನಿಖೆ ಬೇಕೇ ಬೇಕು.

ಮಕ್ಕಳಲ್ಲಿ ಕೆಲವೇ ದಿನಗಳಲ್ಲಿ ಕಣ್ಣು ಉಬ್ಬಿದರೆ ಈ ಪಟ್ಟಿಯನ್ನು ಬಿಟ್ಟು ಅವತ್ತೇ ಹೊರಡಿ. ‘ಚೆಂಡು ತಾಗಿತ್ತು’ ಅಂತ ಸುಮ್ನೆ ಕೂರಬೇಡಿ. ಅದು ರ‍್ಯಾಬ್ಡೊಮಯೊಸಾರ್ಕೋಮಾ ಎಂಬ ಕ್ಯಾನ್ಸರ್ ಇರಬಹುದು. ಹಿಂದೆ ಕಣ್ಣಿನ ಸಮೇತ ಗೂಡನ್ನೇ ಖಾಲಿ ಮಾಡುತ್ತಿದ್ದರು. ಈಗ ಕಿಮೊ, ರೇಡಿಯೇಷನ್‌ನಿಂದ ಹೆಚ್ಚಿನ ಮಕ್ಕಳು ಉಳಿಯುತ್ತಾರೆ.

2. ಥೈರಾಯ್ಡ್ ರಕ್ತ ಪರೀಕ್ಷೆ. ದೊಡ್ಡವರಲ್ಲಿ ಕಣ್ಣು ಮುಂದೆ ಬರಲು ಎಲ್ಲಕ್ಕಿಂತ ಸಾಮಾನ್ಯ ಕಾರಣ ಥೈರಾಯ್ಡ್, ಗಡ್ಡೆ ಅಲ್ಲ.

3. ಸರಿಯಾದ ಸ್ಕ್ಯಾನ್. ‘ಆರ್ಬಿಟ್’ (ಅಂದರೆ ಕಣ್ಣಿನ ಗೂಡು) ಅಂತಲೇ ಬರೆಸಿಕೊಳ್ಳಿ. ಬರೀ ಮೆದುಳಿನ ಸಿ.ಟಿ. ತಂದವರಿಗೆ ಎಷ್ಟೋ ಸಲ ಮತ್ತೆ ಮಾಡಿಸಬೇಕಾಗುತ್ತದೆ. ಮೂಳೆಗೆ ಸಿ.ಟಿ. ಒಳ್ಳೆಯದು, ನರಕ್ಕೆ ಎಂ.ಆರ್.ಐ. ರಿಪೋರ್ಟಿನ ಹಾಳೆ ಸಾಲದು, ಸಿ.ಡಿ.ಯನ್ನೂ ಕೇಳಿ ಇಸಿದುಕೊಳ್ಳಿ.

4. ಚೂರು ತೆಗೆಯಬೇಕೋ, ಇಡೀ ತೆಗೆಯಬೇಕೋ? ಕೆಲಸ ಕೆಡುವುದು ಇಲ್ಲಿ.

ಹುಬ್ಬಿನ ಹೊರತುದಿಯ ಕೆಳಗೆ ಕಣ್ಣೀರಿನ ಗ್ರಂಥಿ ಇದೆ. ಅಲ್ಲಿ ವರ್ಷಗಟ್ಟಲೆ ನೋವಿಲ್ಲದೆ ಬೆಳೆದು ಕಣ್ಣನ್ನು ಕೆಳಕ್ಕೆ, ಮೂಗಿನ ಕಡೆಗೆ ತಳ್ಳುವ ಗಡ್ಡೆ ಹೆಚ್ಚಾಗಿ ಪ್ಲಿಯೊಮಾರ್ಫಿಕ್ ಅಡಿನೋಮಾ. ಅದು ಕ್ಯಾನ್ಸರ್ ಅಲ್ಲ. ಆದರೆ ‘ಸ್ವಲ್ಪ ಚೂರು ತೆಗೆದು ನೋಡೋಣ’ ಅಂತ ಹೊರಪೊರೆಯನ್ನು ಸೀಳಿದರೆ ಜೀವಕೋಶಗಳು ಚೆಲ್ಲಿ ಮತ್ತೆ ಬೆಳೆಯಬಹುದು, ಮುಂದೆ ಕ್ಯಾನ್ಸರ್ ಕೂಡ ಆಗಬಹುದು. ಪೊರೆ ಸಮೇತ ಇಡಿಯಾಗಿ ತೆಗೆಯಬೇಕು. ಅದೇ ಜಾಗದಲ್ಲಿ ಕೆಲವೇ ತಿಂಗಳಲ್ಲಿ ನೋವಿನೊಂದಿಗೆ ಬೆಳೆದರೆ ಲೆಕ್ಕಾಚಾರವೇ ಬೇರೆ. ಕ್ಯಾನ್ಸರ್ ಶಂಕೆ, ಮೊದಲು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ.

ವಯಸ್ಸಾದವರಿಗೆ ಬರುವ ಲಿಂಫೋಮಾ ಎಂಬ ಕ್ಯಾನ್ಸರ್‌ಗೂ ಬಯಾಪ್ಸಿಯೇ ಮೊದಲು, ಆಮೇಲೆ ಹೆಚ್ಚಾಗಿ ರೇಡಿಯೇಷನ್. ಇಲ್ಲಿನ ದೊಡ್ಡ ಶತ್ರು ಸ್ಟೀರಾಯ್ಡ್ ಮಾತ್ರೆ. ನುಂಗಿದರೆ ಗಡ್ಡೆ ಕುಗ್ಗುತ್ತದೆ, ಮನೆಯವರಿಗೆ ಖುಷಿ. ಆಮೇಲೆ ಬಯಾಪ್ಸಿಯಲ್ಲಿ ಏನೂ ಸ್ಪಷ್ಟವಾಗುವುದಿಲ್ಲ, ಗಡ್ಡೆ ವಾಪಸ್ ಬರುತ್ತದೆ. ‘ಊತಕ್ಕೆ ಸ್ವಲ್ಪ ದಿನ ತಗೊಳ್ಳಿ’ ಅಂತ ಯಾರಾದರೂ ಬರೆದುಕೊಟ್ಟರೆ, ಯಾವ ರೋಗಕ್ಕೆ ಅಂತ ಕೇಳಿ. ಉತ್ತರವಿಲ್ಲದಿದ್ದರೆ ನುಂಗಬೇಡಿ.

5. ಉಳಿದವು. ಮಗುವಿನ ಹುಬ್ಬಿನ ಬಳಿಯ ಡರ್ಮಾಯ್ಡ್ ಗಂಟನ್ನು (ಹುಟ್ಟಿನಿಂದ ಬರುವ ಚೀಲದಂಥ ಗಂಟು) ಕುರು ಅಂತ ಚುಚ್ಚಿಸಬೇಡಿ. ಒಡೆದರೆ ಒಳಗಿರುವುದು ಚೆಲ್ಲಿ ಉರಿಯೂತ. ಕೂಸುಗಳ ಕೆಂಪು ರಕ್ತನಾಳದ ಗಡ್ಡೆಗೆ ಪ್ರೊಪ್ರನೊಲಾಲ್ ಇದೆ. ಬಿ.ಪಿ.ಯ ಈ ಔಷಧಿಯಿಂದ ಅದು ಕುಗ್ಗುತ್ತದೆಂದು ಫ್ರಾನ್ಸಿನ ವೈದ್ಯರು 2008ರಲ್ಲಿ ಪ್ರಕಟಿಸಿದರು. ವೈದ್ಯರ ನಿಗಾದಲ್ಲೇ ಕೊಡಬೇಕು. ನಡುವಯಸ್ಸಿನವರ ಕಾವರ್ನಸ್ ಹಿಮಾಂಜಿಯೋಮಾ ಎಂಬ ರಕ್ತನಾಳದ ಗಡ್ಡೆ ದೃಷ್ಟಿಗೆ ತೊಂದರೆ ಕೊಡದಿದ್ದರೆ ಸುಮ್ನೆ ಬಿಟ್ಟು ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು. ಕಣ್ಣಿನ ನರದ ಕವಚದ ಮೆನಿಂಜಿಯೋಮಾ ಎಂಬ ಗಡ್ಡೆಯನ್ನು ಕೀಳಲು ಹೋದರೆ ದೃಷ್ಟಿಯೇ ಹೋಗಬಹುದು. ಅದಕ್ಕೆ ರೇಡಿಯೇಷನ್ನೇ ವಾಸಿ.

6. ಆಪರೇಷನ್ ಆದ ರಾತ್ರಿ. ಸ್ವಲ್ಪ ಊತ, ಕಪ್ಪು ಕಲೆ ಮಾಮೂಲಿ. ಆದರೆ ನೋವು ವಿಪರೀತವಾಗಿ, ಕಣ್ಣು ಬಿಗಿದು, ದೃಷ್ಟಿ ಮಂಜಾದರೆ ಗೂಡಿನೊಳಗೆ ರಕ್ತ ತುಂಬುತ್ತಿರಬಹುದು. ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ. ಎಷ್ಟು ಹೊತ್ತಾಗಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.