ಗಿನಿ ಪಿಗ್ ಮೂಗಿನ ಮೇಲೆ ಹುಳುಕಡ್ಡಿಯಾ? ಟ್ಯೂಬ್ ಹಚ್ಚುವ ಮುಂಚೆ ಸ್ವಲ್ಪ ತಾಳಿ

ಮೈಸೂರಲ್ಲಿ ಮಳೆ ಹಿಡಿದ ವಾರ. ಬಾಲ್ಕನಿಯಲ್ಲಿದ್ದ ಗೂಡೂ ಒದ್ದೆ, ಒಳಗಿನ ಹುಲ್ಲೂ ಒದ್ದೆ. ನಮ್ಮ ಗಿನಿ ಪಿಗ್ ‘ಬೆಲ್ಲ’ನ ಮೂಗಿನ ಮೇಲೆ ಮೆಣಸಿನ ಕಾಳಷ್ಟು ಜಾಗದಲ್ಲಿ ಕೂದಲು ಉದುರಿತ್ತು. ಕಂಬಿಗೆ ಉಜ್ಜಿಕೊಂಡಿರಬೇಕು ಅಂತ ಸುಮ್ನಾದೆವು. ವಾರ ಕಳೆಯುವಷ್ಟರಲ್ಲಿ ಅದು ರೂಪಾಯಿ ನಾಣ್ಯದಷ್ಟಾಗಿ, ಅಂಚಿನಲ್ಲಿ ಬಿಳಿ ಹೊಟ್ಟು ಏಳುತ್ತಿತ್ತು. ಆಮೇಲೆ ಮಗಳ ಮೊಣಕೈ ಹತ್ತಿರವೂ ಒಂದು ಕೆಂಪು ಉಂಗುರ!

ಮೊದಲು, ಎಲ್ಲಿ ಬಂದಿದೆ ನೋಡಿ. ಹುಳುಕಡ್ಡಿ ಅಂದರೂ ಇದರಲ್ಲಿ ಹುಳ ಇಲ್ಲ, ಇದು ಫಂಗಸ್. ಸಾಮಾನ್ಯವಾಗಿ ಮೂಗು, ಕಣ್ಣಿನ ಸುತ್ತ, ಕಿವಿಯಲ್ಲಿ ಶುರುವಾಗಿ ಬೆನ್ನಿಗೆ ಹರಡುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಬೆನ್ನು, ತೊಡೆ ಕೆರೆದು ಕೆರೆದು ಗಾಯವಾಗಿದ್ದರೆ, ಮುಟ್ಟಿದರೆ ಕಿರುಚಿದರೆ, ಕಜ್ಜಿಯ ನುಸಿ ಇರಬಹುದು. ಎರಡೂ ಒಟ್ಟಿಗೇ ಬರುವುದುಂಟು. ಹಾಗಾಗಿ ಕಣ್ಣಂದಾಜಿನ ಮೇಲೆ ಔಷಧಿ ಬೇಡ.

ಎರಡನೆಯದು, ಮನೆಯ ಟ್ಯೂಬ್ ಮುಟ್ಟಬೇಡಿ. ನನಗೆ ಇದೇ ಮುಖ್ಯ. ನಮ್ಮ ತುರಿಕೆಗೆಂದು ಮೆಡಿಕಲ್ ಶಾಪಿನಿಂದ ತಂದ ಮಿಕ್ಸ್ ಕ್ರೀಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಅರಿಶಿನ, ಬೇವಿನೆಣ್ಣೆಯೂ ಬೇಡ, ನೆಕ್ಕಿಬಿಡುತ್ತವೆ. ಮನೆಯಲ್ಲಿ ಮಿಕ್ಕಿದ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನಂತೂ ಕೊಡಲೇಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಪ್ರಾಣಕ್ಕೇ ಬರಬಹುದು.

ಪಶುವೈದ್ಯರ ಹತ್ತಿರ ಹೋಗುವ ಮುಂಚೆ ಫೋನ್ ಮಾಡಿ, ಗಿನಿ ಪಿಗ್ ನೋಡುತ್ತೀರಾ ಅಂತ ಕೇಳಿ. ಹಸು, ನಾಯಿ ನೋಡಿ ಪಳಗಿದ ಎಲ್ಲರಿಗೂ ಇವುಗಳ ಅಭ್ಯಾಸ ಇರುವುದಿಲ್ಲ. ಅವರು ಕಲೆಯ ಅಂಚಿನಿಂದ ಕೂದಲು ಕಿತ್ತು, ಹೊಟ್ಟು ಕೆರೆದು ಪರೀಕ್ಷೆ ಮಾಡುತ್ತಾರೆ. ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ಕೆಲವು ಡಾಕ್ಟರು ಫಂಗಸ್ ಹುಡುಕಲು ಹಿಡಿಯುವ ನೇರಳೆ ದೀಪದಲ್ಲಿ ಕಲೆ ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಫಂಗಸ್ ಇಲ್ಲ ಅಂತಲ್ಲ. ಗಿನಿ ಪಿಗ್‌ಗಳಿಗೆ ಹೆಚ್ಚಾಗಿ ಬರುವ ಟ್ರೈಕೋಫೈಟಾನ್ ಎಂಬ ಫಂಗಸ್ ಆ ಬೆಳಕಿಗೆ ಹೊಳೆಯುವುದೇ ಇಲ್ಲ. ಒಂದೇ ಗೂಡಿನ ಜೋಡಿಯನ್ನೂ ಕರೆದುಕೊಂಡು ಹೋಗಿ.

ಮುಲಾಮು ಕೊಟ್ಟರೆ ಗ್ಲೌಸ್ ಹಾಕಿ, ಕಲೆಯ ಅಂಚು ದಾಟಿ ತೆಳ್ಳಗೆ ಹಚ್ಚಿ. ಒಣಗುವ ತನಕ ಒಂದೊಂದೇ ಎಳೆ ಕೊತ್ತಂಬರಿ ತಿನ್ನಿಸುತ್ತಿರಿ. ನೆಕ್ಕುವುದನ್ನು ಮರೆತುಬಿಡುತ್ತವೆ. ಕೂದಲು ಬಂತು ಅಂತ ನಡುವೆ ನಿಲ್ಲಿಸಬೇಡಿ.

ಇನ್ನು ಗೂಡು. ಉದುರಿದ ಕೂದಲಲ್ಲಿ ಫಂಗಸ್ ಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಗೋಣಿ, ಮರದ ಆಟಿಕೆ, ರಟ್ಟಿನ ಡಬ್ಬ ಬಿಸಾಡಿ. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಗೂಡನ್ನು ತಿಕ್ಕಿ ತೊಳೆದು, ಒಂದು ಪಾಲು ದ್ರವ ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಪೂರ್ತಿ ಒಣಗಿದ ಮೇಲೇ ಪ್ರಾಣಿಯನ್ನು ಒಳಗೆ ಬಿಡಿ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಹುಷಾರು.

ನಮ್ಮ ಹಾಗೇ ಗಿನಿ ಪಿಗ್ ದೇಹವೂ ವಿಟಮಿನ್ ಸಿ ತಯಾರಿಸುವುದಿಲ್ಲ. ದೇವರಾಜ ಮಾರ್ಕೆಟ್ಟಿನಿಂದ ತರಕಾರಿ ತರುವಾಗ ಅದಕ್ಕೂ ಒಂದು ದೊಣ್ಣೆಮೆಣಸಿನಕಾಯಿ ಇರಲಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ. ಊಟ ಬಿಟ್ಟರೆ ಅವತ್ತೇ ಡಾಕ್ಟರ ಹತ್ತಿರ ಓಡಿ.

ಮನೆಯವರಿಗೆ ಉಂಗುರ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ, ಗಿನಿ ಪಿಗ್ ವಿಷಯವನ್ನೂ ಹೇಳಿ. ನಮ್ಮನ್ನು ಅವರು, “ಮನೇಲಿ ಪ್ರಾಣಿ ಏನಾದ್ರೂ ಸಾಕಿದ್ದೀರಾ?” ಅಂತ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆಯೇ ಮಗಳು ಹೇಳಿದಳು: “ಇಲ್ಲ ಅಂಕಲ್, ಬೆಲ್ಲ ಮಾತ್ರ ಇರೋದು.”