ಮಿರ್, ಮಿರಾರ್, ವಿಸ್ಮಯ

ಅಪ್ಪನ ಗಣಿತದ ಪುಸ್ತಕಗಳ ಮೊದಲ ಪುಟದಲ್ಲಿ ‘ಮಿರ್ ಪ್ರಕಾಶನ, ಮಾಸ್ಕೋ’ ಎಂದಿರುತ್ತಿತ್ತು. ಮಿರ್ ಎಂದರೆ ಶಾಂತಿ ಎಂದು ಅಪ್ಪ ಹೇಳಿದ್ದರು. ಮುಂದೆ ನಾನೇ ರಷ್ಯನ್ ಕಲಿತಾಗ ಅದಕ್ಕೆ ಜಗತ್ತು ಎಂಬ ಅರ್ಥವೂ ಇರುವುದು ತಿಳಿಯಿತು. ಆಮೇಲೆ ಸ್ಪ್ಯಾನಿಷ್ ಪಾಠದಲ್ಲಿ ‘ಮಿರಾರ್’ ಎದುರಾಯಿತು. ನೋಡುವುದು ಎಂದು ಅದರ ಅರ್ಥ. ನಮ್ಮಲ್ಲಿ ಲೋಕ ಇದೆ, ಅವಲೋಕನವೂ ಇದೆಯಲ್ಲ, ಇದೂ ಹಾಗೆಯೇ ಇರಬೇಕು ಎಂದುಕೊಂಡು ಮಿರ್, ಮಿರಾರ್ ಎರಡನ್ನೂ ಒಂದೇ ಚೀಟಿಯಲ್ಲಿ ಬರೆದಿಟ್ಟೆ.

ವ್ಯುತ್ಪತ್ತಿ ನಿಘಂಟು ತೆರೆದಾಗ ಆ ಚೀಟಿ ನಿಲ್ಲಲಿಲ್ಲ. ಮಿರಾರ್‌ನ ತಾಯಿ ಲ್ಯಾಟಿನ್ನಿನ ‘ಮೀರಾರಿ’, ಬೆರಗಾಗುವುದು. ಆ ಬೆರಗು ಸ್ಪ್ಯಾನಿಷ್‌ನಲ್ಲಿ ಸವೆದು ಬರಿಯ ನೋಟ ಉಳಿದಿದೆ. ಲ್ಯಾಟಿನ್ ಪದದ ಮೊದಲಿಗೆ ಹಿಂದೆ ಒಂದು ಸಕಾರವಿತ್ತು, ಅದು ಬಿದ್ದುಹೋಗಿದೆ. ಆ ಸಕಾರವನ್ನು ಮರಳಿ ಕೂಡಿಸಿದರೆ ಸಿಗುವ ಧಾತುವಿನಿಂದಲೇ ಸಂಸ್ಕೃತದ ಸ್ಮಿತ ಮತ್ತು ವಿಸ್ಮಯ ಹುಟ್ಟಿವೆ. ನಾನು ದಿನವೂ ಬಳಸುವ ವಿಸ್ಮಯ! ಅಂದು ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ. ರಷ್ಯನ್ ಭಾಷೆಯಲ್ಲಿ ಮಿರಾರ್‌ಗೆ ನಿಜವಾದ ನೆಂಟ ‘ಸ್ಮೆಯಾತ್ಸಾ’, ಅಂದರೆ ನಗುವುದು. ಮಿರ್‌ಗೂ ಅದಕ್ಕೂ ಸಂಬಂಧವಿಲ್ಲ. ಮಿರ್‌ನ ಬಳಗದಲ್ಲಿರುವುದು ‘ಮೀಲಿ’, ಪ್ರಿಯವಾದ ಎಂಬ ಪದ.

ಇನ್ನೊಂದು ಕಡೆಯೂ ಎಡವಿದೆ. 1918ರ ಕಾಗುಣಿತ ಸುಧಾರಣೆಗೆ ಮುಂಚಿನ ರಷ್ಯನ್ ಪುಸ್ತಕಗಳಲ್ಲಿ ಶಾಂತಿಯ ಮಿರ್‌ಗೆ ಒಂದು ಇಕಾರ, ಜಗತ್ತಿನ ಮಿರ್‌ಗೆ ಬೇರೊಂದು ಇಕಾರ. ಅಕ್ಷರ ಬೇರೆಯಾದರೆ ಬೇರೂ ಬೇರೆ ಎಂದು ನಂಬಿದೆ. ಆದರೆ ಅವೆರಡೂ ಒಂದೇ ಪದ. ಅರ್ಥ ಗುರುತಿಸಲು ಬರವಣಿಗೆಯಲ್ಲಿ ಮಾಡಿಕೊಂಡ ಏರ್ಪಾಡು ಅದು. ನೆಮ್ಮದಿಯಿಂದ ಕೂಡಿ ಬಾಳುವ ಜನ, ಆ ಜನರ ಊರು, ಕೊನೆಗೆ ಇಡೀ ಜಗತ್ತು ಎಂದು ಅರ್ಥ ಹಿಗ್ಗಿದೆ. ರಷ್ಯದ ರೈತರ ಗ್ರಾಮ ಸಮುದಾಯಕ್ಕೂ ಮಿರ್ ಎಂದೇ ಹೆಸರಿತ್ತು. ಕನ್ನಡದಲ್ಲಿ ‘ಲೋಕ ಏನೆಂದೀತು’ ಎನ್ನುವಾಗ ಲೋಕವೆಂದರೆ ಸುತ್ತಲಿನ ಜನವೇ ಅಲ್ಲವೇ? ರಷ್ಯನ್‌ನಂತೆಯೇ ಸ್ಲಾವಿಕ್ ಬಳಗಕ್ಕೆ ಸೇರಿದ ಪೋಲಿಷ್, ಜೆಕ್, ಬಲ್ಗೇರಿಯನ್ ಭಾಷೆಗಳಲ್ಲಿ ಮಾತ್ರ ಜಗತ್ತಿಗೆ ಬೇರೆಯೇ ಪದವಿದೆ.

ನನಗೆ ಅತಿ ಪ್ರಿಯವಾದದ್ದು ರೊಮೇನಿಯನ್. ಅದು ಲ್ಯಾಟಿನ್ನಿನ ಮಗಳು, ಸ್ಲಾವಿಕ್ ಭಾಷೆಗಳ ನೆರೆಯವಳು. ಅಲ್ಲಿ ‘ಅ ಸೆ ಮಿರಾ’ ಎಂದರೆ ಇಂದಿಗೂ ಬೆರಗಾಗುವುದು. ಅದೇ ಭಾಷೆಯಲ್ಲಿ ‘ಮಿರ್’ ಎಂದರೆ ಶಾಂತಿಯೂ ಅಲ್ಲ, ಜಗತ್ತೂ ಅಲ್ಲ, ಚರ್ಚಿನಲ್ಲಿ ಹಚ್ಚುವ ಪವಿತ್ರ ತೈಲ. ಗ್ರೀಕಿನ ‘ಮ್ಯೂರಾನ್’ ಸ್ಲಾವಿಕ್ ಮೂಲಕ ಅಲ್ಲಿಗೆ ಬಂದಿದೆ.

ಹಳೆಯ ಚೀಟಿಯನ್ನು ಹರಿದು ಮೂರು ಮಾಡಿದೆ: ಶಾಂತಿ ಮತ್ತು ಜಗತ್ತು ಒಂದರಲ್ಲಿ, ತೈಲ ಇನ್ನೊಂದರಲ್ಲಿ. ಮೂರನೆಯದರಲ್ಲಿ ಮಿರಾರ್ ಎಂದು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ‘ವಿಸ್ಮಯ’ ಎಂದು ಸೇರಿಸಿದೆ.