ತೋಟದ ಮನೆಗೆ ಬಂದಿದ್ದೀರಾ? ಮೊದಲು ಕಟ್ಟಿಗೆ ರಾಶಿ ದೂರ ಹಾಕಿಸಿ

ಸಾಗರದ ಕಡೆ ಅಡಿಕೆ ತೋಟಕ್ಕೆ ಬಂದು ನೆಲೆಸಿದ ಮೇಲೆ ಬೆಂಗಳೂರಿನ ಸ್ನೇಹಿತರು ಕೇಳುವುದು ಒಂದೇ ಪ್ರಶ್ನೆ: "ಹಾವು ಬರುತ್ತಾ?" ಬರುತ್ತೆ. ಯಾಕೆ ಬರುತ್ತೆ ಅಂತ ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಾಳು ಚೆಲ್ಲಿದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಅಕ್ಕಿ, ಕೋಳಿ ಕಾಳು ಎಲ್ಲ ಮುಚ್ಚಳದ ಡ್ರಮ್ಮಿಗೆ ಹೋಗಲಿ. ಕಟ್ಟಿಗೆ, ಒಣಗಿದ ಅಡಿಕೆ ಹಾಳೆ, ಹಳೇ ಹಂಚು ಮನೆ ಗೋಡೆಗೆ ತಾಗಿಕೊಂಡು ಇರಬಾರದು. ಬಚ್ಚಲ ನೀರು ಹೋಗುವ ಕಿಂಡಿಗೆ ಜಾಲರಿ ಹಾಕಿಸಿ.

ಕೇರೆ ಹಾವು ಅಂಗಳ ದಾಟಿದರೆ ಸುಮ್ನೆ ಬಿಟ್ಟುಬಿಡಿ. ಸಂಬಳವಿಲ್ಲದೆ ಇಲಿ ಹಿಡಿಯುತ್ತಿದೆ. ನನಗೆ ಭಯ ಇರುವುದು ಕೊಳಕು ಮಂಡಲದ ಮೇಲೆ. ದರಕು ಅಂದರೆ ಉದುರಿದ ಒಣ ಎಲೆ, ಅದರದೇ ಬಣ್ಣ, ಬೆನ್ನುದ್ದಕ್ಕೂ ಸಾಲಾಗಿ ದೊಡ್ಡ ಚುಕ್ಕಿ. ಕೆಣಕಿದರೆ ಕುಕ್ಕರ್ ಹಾಗೆ ಬುಸುಗುಡುತ್ತದೆ. ಹತ್ತಿರ ಹೋದರೂ ಓಡದೆ ಬಿದ್ದಲ್ಲೇ ಬಿದ್ದಿರುತ್ತದೆ, ಅದೇ ತೊಂದರೆ. ಅಡಿಕೆ ಹೆಕ್ಕುವಾಗ ಮೊದಲು ಕೋಲಿನಿಂದ ದರಕು ಸರಿಸಿ, ಆಮೇಲೆ ಕೈ ಹಾಕಿ. ಗಂಬೂಟು ಹಾಕುವ ಮುಂಚೆ ಬೋರಲು ಮಾಡಿ ಕೊಡವಿ. ರಾತ್ರಿ ಕೊಟ್ಟಿಗೆಗೆ ಹೋಗುವುದಾದರೂ ಕೈಯಲ್ಲಿ ಬ್ಯಾಟರಿ ಇರಲಿ.

ಕಟ್ಟುಹಾವು ಓಡಾಡುವುದು ರಾತ್ರಿ. ಕಪ್ಪು ಮೈ, ತೆಳ್ಳನೆ ಬಿಳಿ ಪಟ್ಟೆ. ಇದು ಕಚ್ಚಿದರೆ ಎಷ್ಟೋ ಸಲ ನೋವೂ ಇರಲ್ಲ, ಊತವೂ ಇರಲ್ಲ. ಹಾಗಾಗಿ ನೆಲದ ಮೇಲೆ ಮಲಗಬೇಡಿ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿ. ಬೆಳಗ್ಗೆ ಏಳುವಾಗ ಕಾರಣವಿಲ್ಲದೆ ಹೊಟ್ಟೆನೋವು, ರೆಪ್ಪೆ ಜೋತುಬಿದ್ದು ಕಣ್ಣು ಬಿಡಲಾಗುತ್ತಿಲ್ಲ ಅಂದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಯಾವ ಹಾವು ಕಚ್ಚಿದರೂ ಬಿಗಿಯಾಗಿ ಕಟ್ಟುವುದು, ಕುಯ್ಯುವುದು, ಬಾಯಿಂದ ಹೀರುವುದು ಬೇಡ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗದಂತೆ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ತುಂಡಿಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ಹಾವನ್ನು ಹೊಡೆದು ಡಾಕ್ಟರಿಗೆ ತೋರಿಸುವ ಸಾಹಸವೂ ಬೇಡ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಉರಿ ಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಈಗಲೇ ವಿಚಾರಿಸಿ ಗೋಡೆ ಮೇಲೆ ಬರೆದಿಡಿ. 108ಕ್ಕೆ ಫೋನ್ ಮಾಡಿ ಸರಿ, ಆದರೆ ಮಳೆಗಾಲದ ನಮ್ಮ ರಸ್ತೆಯಲ್ಲಿ ಪಕ್ಕದ ಮನೆಯ ಜೀಪೇ ಮೊದಲು ಸಿಗುವುದು. ನಾಟಿ ಔಷಧಿ ಕೊಡುವ ಅಜ್ಜನ ಮೇಲೆ ನನಗೆ ಗೌರವವಿದೆ. ಸರ್ಪಸುತ್ತಿಗೆ ಹೋಗಿದ್ದೂ ಇದೆ. ಹಾವು ಕಡಿತಕ್ಕೆ ಮಾತ್ರ ಹೋಗಲ್ಲ.

ಕಾಟಿ, ಅಂದರೆ ಕಾಡುಕೋಣ, ಎದುರಾದರೆ ಬೈಕ್ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ. ತಾಯಿ ಕರು ಮಧ್ಯೆ ಅಂತೂ ನುಗ್ಗಲೇಬೇಡಿ. ಕಾಡುಹಂದಿಗೆ ಸೋಲಾರ್ ಬೇಲಿ ಸಾಕು. ನೇರ ಕರೆಂಟ್ ಕೊಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದು ಅಪರಾಧ. ಸಾಯುವುದು ಹಂದಿ ಮಾತ್ರ ಅಲ್ಲ. ಮನೆ ಒಳಗೇ ಏನಾದರೂ ಸೇರಿಕೊಂಡರೆ ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಮಂಗಗಳಿಗೆ ಒಂದು ಬಾಳೆಹಣ್ಣು ಎಸೆದರೂ ಮುಗೀತು, ನಾಳೆ ಅಡುಗೆಮನೆ ಕಿಟಕಿಯಲ್ಲಿ ಇರುತ್ತವೆ. ಅವುಗಳ ಕಾಟಕ್ಕಿಂತ ನನಗೆ ಚಿಂತೆ ಸತ್ತ ಮಂಗದ್ದು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ, 1957ರಲ್ಲಿ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯಿಂದ. ಮರಿ ಉಣುಗು ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ಸೊಪ್ಪು, ದರಕು ತರಲು ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಒಗೆಯಲು ಹಾಕಿ. ಆಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ್ ಕೇಳುವವರೆಗೂ ಕಾಯದೆ ನೀವೇ ಹೇಳಿ: "ಕಾಡಿಗೆ ಹೋಗಿದ್ದೆ."